ಕೇಳದೆ ಬಂದ ಲಗತ್ತು: ಸಣ್ಣ ದೋಷ, ದೊಡ್ಡ ಹೊಣೆ

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಾಗಲಿ, ಮಾಗಡಿ ರಸ್ತೆಗೆ ಹೊಂದಿಕೊಂಡ ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಾಗಲಿ, ಕೆಂಗೇರಿ ದಾಟಿದ ಮೇಲೆ ಸಿಗುವ ಕುಂಬಳಗೋಡಿನಲ್ಲಾಗಲಿ, ಬೆಳಿಗ್ಗೆ ಯಂತ್ರಗಳ ಗುಂಡಿ ಒತ್ತುವ ಹೊತ್ತಿಗೇ ಕಚೇರಿಯ ಕಂಪ್ಯೂಟರಿನಲ್ಲಿ ಇ-ಮೇಲ್ ತೆರೆದು ನೋಡುವುದು ಈಗ ರೂಢಿಯಾಗಿದೆ. ದರ ವಿಚಾರಣೆ, ಡ್ರಾಯಿಂಗ್, ಖರೀದಿ ಆದೇಶ, ತಿದ್ದುಪಡಿಯಾದ ಡ್ರಾಯಿಂಗ್, ಮಾಲು ತಿರಸ್ಕಾರದ ಸೂಚನೆ, ಪಾವತಿಯ ವಿವರ ಎಲ್ಲವೂ ಇದೇ ದಾರಿಯಲ್ಲಿ ಬರುತ್ತವೆ. ಈ ದಾರಿಯಲ್ಲಿ ಆಗಾಗ ಯಾರೂ ಕೇಳದ, ಯಾರೂ ಉದ್ದೇಶಪೂರ್ವಕವಾಗಿ ಕಳುಹಿಸದ ಒಂದು ವಸ್ತುವೂ ಬಂದು ಬೀಳುತ್ತದೆ. ಅದರ ಹೆಸರು ‘ವಿನ್‌ಮೇಲ್.ಡ್ಯಾಟ್’.

ಪ್ರಸಂಗ ಸಾಮಾನ್ಯವಾಗಿ ಹೀಗಿರುತ್ತದೆ. ದೊಡ್ಡ ಗ್ರಾಹಕ ಕಂಪನಿಯ ಖರೀದಿ ವಿಭಾಗದಿಂದ ಪತ್ರ ಬರುತ್ತದೆ: ಡ್ರಾಯಿಂಗ್ ಲಗತ್ತಿಸಿದೆ, ಶುಕ್ರವಾರದೊಳಗೆ ದರ ತಿಳಿಸಬೇಕು. ಪತ್ರದ ಅಡಿಯಲ್ಲಿ ಡ್ರಾಯಿಂಗ್ ಇರುವುದಿಲ್ಲ, ವಿನ್‌ಮೇಲ್.ಡ್ಯಾಟ್ ಎಂಬ ಕಡತವೊಂದು ಮಾತ್ರ ಇರುತ್ತದೆ. ಕಚೇರಿಯ ಗುಮಾಸ್ತರು ಅದನ್ನು ಒತ್ತುತ್ತಾರೆ. ಯಾವ ತಂತ್ರಾಂಶದಿಂದ ತೆರೆಯಬೇಕೆಂದು ಕಂಪ್ಯೂಟರ್ ಮರುಪ್ರಶ್ನೆ ಹಾಕುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಗ್ರಾಹಕರಿಗೆ ಫೋನ್ ಮಾಡಿದರೆ, ‘ನಾವು ಕಳುಹಿಸಿದ್ದು ಡ್ರಾಯಿಂಗ್, ನಮ್ಮಲ್ಲಿ ಸರಿಯಾಗಿಯೇ ಕಾಣುತ್ತಿದೆ’ ಎಂಬ ಉತ್ತರ. ಇಬ್ಬರ ಮಾತೂ ನಿಜ. ಎರಡು ದಿನ ಕಳೆಯುತ್ತದೆ, ದರಪಟ್ಟಿ ತಡವಾಗುತ್ತದೆ, ಆದೇಶ ಬೇರೆಯವರ ಪಾಲಾಗುತ್ತದೆ.

ಇಂತಹ ಕಡತವನ್ನು ಒಂದು ಸಣ್ಣ ಕಿರಿಕಿರಿಯೆಂದು ಅನೇಕರು ತಳ್ಳಿಹಾಕುತ್ತಾರೆ. ಆದರೆ ಇದು ಕಚೇರಿಯ ಶಿಸ್ತಿಗೆ, ಹಣದ ಭದ್ರತೆಗೆ, ಬಾಕಿ ವಸೂಲಿಯ ಹಕ್ಕಿಗೆ ಸಂಬಂಧಿಸಿದ ವಿಷಯ. ಉದ್ಯಮಿಗಳು ಇದನ್ನು ಕಂಪ್ಯೂಟರ್ ರಿಪೇರಿಯವರಿಗೆ ಬಿಟ್ಟು ಸುಮ್ಮನಾಗುವುದು ಉಚಿತವಲ್ಲ.

ದೋಷದ ಮೂಲ

ಇ-ಮೇಲ್ ಹುಟ್ಟಿದ್ದು ಸಾದಾ ಅಕ್ಷರಗಳನ್ನು ಸಾಗಿಸಲು. 1971ರಲ್ಲಿ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಮೊದಲ ಸಂದೇಶ ಕಳುಹಿಸಿದಾಗ ಚಿತ್ರ, ಬಣ್ಣ, ಲಗತ್ತುಗಳ ಮಾತೇ ಇರಲಿಲ್ಲ. 1992ರಲ್ಲಿ ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ರೂಪಿಸಿದ ‘ಮೈಮ್’ ಎಂಬ ಮಾನದಂಡ ಬಂದ ಮೇಲೆ ಒಂದೇ ಪತ್ರದೊಳಗೆ ಹಲವು ಭಾಗಗಳನ್ನಿಟ್ಟು ಪ್ರತಿಯೊಂದಕ್ಕೂ ‘ಇದು ಪಠ್ಯ, ಇದು ಚಿತ್ರ, ಇದು ಕಡತ’ ಎಂದು ಚೀಟಿ ಅಂಟಿಸಿ ಕಳುಹಿಸುವುದು ಸಾಧ್ಯವಾಯಿತು. ಇಂದಿಗೂ ಜಗತ್ತಿನ ಎಲ್ಲ ಇ-ಮೇಲ್ ವ್ಯವಸ್ಥೆಗಳು ಒಪ್ಪಿ ನಡೆಯುವುದು ಈ ಚೀಟಿಯ ಪದ್ಧತಿಯನ್ನೇ.

ಮೈಕ್ರೋಸಾಫ್ಟ್ ಸಂಸ್ಥೆಯ ಔಟ್‌ಲುಕ್ ತಂತ್ರಾಂಶದಲ್ಲಿ ಪತ್ರ ಬರೆಯಲು ಮೂರು ವಿಧಾನಗಳು ಬಳಕೆಗೆ ಬಂದವು: ಪ್ಲೇನ್ ಟೆಕ್ಸ್ಟ್ ಅಂದರೆ ಸಾದಾ ಪಠ್ಯ, ಎಚ್‌ಟಿಎಂಎಲ್, ಮತ್ತು ರಿಚ್ ಟೆಕ್ಸ್ಟ್. ಮೊದಲೆರಡನ್ನು ಎಲ್ಲ ತಂತ್ರಾಂಶಗಳೂ ಓದಬಲ್ಲವು. ಮೂರನೆಯದು ಆ ಸಂಸ್ಥೆಯ ಸ್ವಂತ ಪದ್ಧತಿ. ರಿಚ್ ಟೆಕ್ಸ್ಟ್‌ನಲ್ಲಿ ಬರೆದ ಪತ್ರ ಹೊರಗಿನವರಿಗೆ ಹೋಗುವಾಗ ಅದರ ಅಕ್ಷರ ವಿನ್ಯಾಸ, ಮತದಾನದ ಗುಂಡಿ, ಸಭೆಯ ಕರೆ ಮುಂತಾದವುಗಳ ಜೊತೆಗೆ ಲಗತ್ತಿಸಿದ ಕಡತಗಳನ್ನೂ ‘ಟಿಎನ್‌ಇಎಫ್’ ಎಂಬ ಒಂದೇ ಗಂಟಿನಲ್ಲಿ ಕಟ್ಟಲಾಗುತ್ತದೆ. ಆ ಗಂಟಿನ ಹೆಸರೇ ವಿನ್‌ಮೇಲ್.ಡ್ಯಾಟ್. ಪಡೆಯುವವರ ಬಳಿ ಗಂಟು ಬಿಚ್ಚಬಲ್ಲ ತಂತ್ರಾಂಶವಿದ್ದರೆ ಅವರಿಗೆ ಈ ಹೆಸರು ಕಾಣುವುದೇ ಇಲ್ಲ, ಡ್ರಾಯಿಂಗ್ ನೇರವಾಗಿ ಕಾಣುತ್ತದೆ. ಇಲ್ಲದಿದ್ದರೆ ಗಂಟೇ ಕೈಗೆ ಬರುತ್ತದೆ. ಸರಕನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು, ಬೀಗದ ಕೈಯನ್ನು ಕಳುಹಿಸಿದವರೇ ಇಟ್ಟುಕೊಂಡಂತಾಯಿತು. ಸರಕು ತಲುಪಿದೆ, ಆದರೆ ದಕ್ಕಿಲ್ಲ.

ಇದೇ ಜಾತಿಯ ಇನ್ನೂ ಕೆಲವು ಅನಿರೀಕ್ಷಿತ ಲಗತ್ತುಗಳಿವೆ. ಪತ್ರದ ನಡುವೆ ಕಡತವನ್ನಿಟ್ಟು ಅದರ ಕೆಳಗೆ ಮತ್ತೆರಡು ಸಾಲು ಬರೆದರೆ, ಅಥವಾ ಕಂಪನಿಯ ಸರ್ವರ್ ಪತ್ರದ ಕೊನೆಗೆ ಕಾನೂನು ಎಚ್ಚರಿಕೆಯ ಸಾಲುಗಳನ್ನು ತಾನಾಗಿ ಸೇರಿಸಿದರೆ, ಕೆಲವೊಮ್ಮೆ ಆ ಸಾಲುಗಳೇ ‘ಎಟಿಟಿ00001’ ಎಂಬ ಹೆಸರಿನ ಬೇರೆ ಕಡತವಾಗಿ ಕಾಣಿಸುತ್ತವೆ. ಸಹಿಯ ಕೆಳಗೆ ಹಾಕಿದ ಕಂಪನಿಯ ಲಾಂಛನ ‘ಇಮೇಜ್001’ ಎಂಬ ಚಿತ್ರವಾಗಿ ಪ್ರತಿ ಪತ್ರಕ್ಕೂ ಅಂಟಿಕೊಳ್ಳುತ್ತದೆ. ಡಿಜಿಟಲ್ ಸಹಿ ಹಾಕಿದ ಪತ್ರಕ್ಕೆ ‘ಎಸ್‌ಮೈಮ್.ಪಿ7ಎಸ್’ ಎಂಬ ಸಣ್ಣ ಕಡತ ಸೇರಿಕೊಂಡಿರುತ್ತದೆ. ಇವೆಲ್ಲವೂ ಪತ್ರದ ವಿನ್ಯಾಸದಿಂದ ಹುಟ್ಟಿದ ಉಪವಸ್ತುಗಳೇ ಹೊರತು ಸ್ವತಃ ವೈರಸ್ ಅಲ್ಲ.

ಕನ್ನಡದ ಪತ್ರಗಳ ತೊಡಕು

ಕನ್ನಡದಲ್ಲಿ ವ್ಯವಹರಿಸುವ ವರ್ತಕರಿಗೆ ಮತ್ತೊಂದು ತೊಡಕಿದೆ. ಯೂನಿಕೋಡ್ ಬಳಕೆ ಬೇರೂರುವ ಮೊದಲು ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಪತ್ರಗಳ ಮಾದರಿಗಳು ಅನೇಕ ಕಚೇರಿಗಳಲ್ಲಿ ಇನ್ನೂ ಉಳಿದಿವೆ. ಅಂತಹ ಪಠ್ಯವನ್ನು ಇ-ಮೇಲಿಗೆ ಅಂಟಿಸಿದರೆ, ಆ ಫಾಂಟ್ ಇಲ್ಲದವರಿಗೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಇದನ್ನು ತಪ್ಪಿಸಲು ಕೆಲವರು ಫಾಂಟ್ ಕಡತವನ್ನೇ ಲಗತ್ತಿಸುತ್ತಾರೆ, ಕೆಲವರು ಪತ್ರದ ಚಿತ್ರ ತೆಗೆದು ಕಳುಹಿಸುತ್ತಾರೆ. ಹೀಗೆ ಒಂದು ಪತ್ರಕ್ಕೆ ಎರಡು ಮೂರು ಅನಗತ್ಯ ಲಗತ್ತುಗಳಾಗುತ್ತವೆ. ಲಗತ್ತಿನ ಹೆಸರನ್ನೇ ಕನ್ನಡದಲ್ಲಿಟ್ಟರೆ ಕೆಲವು ಹಳೆಯ ತಂತ್ರಾಂಶಗಳು ಅದನ್ನು ಓದಲಾರದೆ ತಮಗೆ ತೋಚಿದ ಹೆಸರು ಕೊಡುವುದೂ ಉಂಟು.

ಕನ್ನಡವನ್ನು ಕೈಬಿಡಬೇಕೆಂಬುದು ಇದರ ಅರ್ಥವಲ್ಲ. ಯೂನಿಕೋಡ್‌ನಲ್ಲಿ ಬರೆದ ಕನ್ನಡ ಪತ್ರ ಇಂದಿನ ಎಲ್ಲ ಕಂಪ್ಯೂಟರುಗಳಲ್ಲೂ ಮೊಬೈಲುಗಳಲ್ಲೂ ಯಾವ ತೊಂದರೆಯಿಲ್ಲದೆ ತೆರೆದುಕೊಳ್ಳುತ್ತದೆ. ಹಳೆಯ ಮಾದರಿಗಳನ್ನು ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಸಾಕು. ಕಡತದ ಹೆಸರನ್ನು ಮಾತ್ರ ಚಿಕ್ಕದಾಗಿ, ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ ಇಡುವುದು ಕ್ಷೇಮ.

ನಿರುಪದ್ರವಿಯೇ ಅಪಾಯಕ್ಕೆ ದಾರಿ

ಈ ಕಡತಗಳು ವೈರಸ್ ಅಲ್ಲದಿದ್ದರೆ ಚಿಂತೆ ಏಕೆ ಎಂದು ಕೇಳಬಹುದು. ಚಿಂತೆ ಇರುವುದು ಅವು ಕಲಿಸುವ ಅಭ್ಯಾಸದಲ್ಲಿ. ವಾರಕ್ಕೆರಡು ಬಾರಿ ಅರ್ಥವಾಗದ ಲಗತ್ತನ್ನು ನೋಡುವ ಗುಮಾಸ್ತರು ಕ್ರಮೇಣ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ: ಅರ್ಥವಾಗದ ಎಲ್ಲವನ್ನೂ ತೆರೆದುಬಿಡುವುದು, ಇಲ್ಲವೇ ಅರ್ಥವಾಗದ ಎಲ್ಲವನ್ನೂ ಅಳಿಸಿಬಿಡುವುದು. ಮೊದಲ ದಾರಿಯಲ್ಲಿ ನಿಜವಾದ ವೈರಸ್ ಒಳಗೆ ಬರುತ್ತದೆ. ಎರಡನೆಯದರಲ್ಲಿ ನಿಜವಾದ ಖರೀದಿ ಆದೇಶ ಕಸದ ಬುಟ್ಟಿ ಸೇರುತ್ತದೆ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಸುಳ್ಳು ಎಚ್ಚರಿಕೆ ಹೆಚ್ಚಿದಷ್ಟೂ ನಿಜವಾದ ಎಚ್ಚರಿಕೆಗೆ ಬೆಲೆ ಇಲ್ಲದಾಗುತ್ತದೆ.

2000ದ ಮೇ ತಿಂಗಳಲ್ಲಿ ಜಗತ್ತನ್ನು ನಡುಗಿಸಿದ ‘ಐ ಲವ್ ಯು’ ಎಂಬ ವೈರಸ್ ಹರಡಿದ್ದು ಲಗತ್ತಿನ ಮೂಲಕವೇ. ಹೊರನೋಟಕ್ಕೆ ಅದು ಸಾದಾ ಪಠ್ಯದ ಪತ್ರದಂತೆ ಕಾಣುತ್ತಿತ್ತು. ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಮರೆಮಾಚುತ್ತಿದ್ದುದರಿಂದ ಅದು ಕಾರ್ಯಗತವಾಗುವ ಕಡತವೆಂಬುದು ಜನರಿಗೆ ತಿಳಿಯಲಿಲ್ಲ. ಇಂದಿನ ವಂಚಕರು ಇನ್ನೂ ನಯವಾಗಿ ಕೆಲಸ ಮಾಡುತ್ತಾರೆ. ಪರಿಚಿತ ಸರಬರಾಜುದಾರರ ಹೆಸರಿನಲ್ಲಿ ಬೀಜಕ ಕಳುಹಿಸುತ್ತಾರೆ, ಬ್ಯಾಂಕ್ ಖಾತೆ ಬದಲಾಗಿದೆ ಎನ್ನುತ್ತಾರೆ, ಹಣ ತಮ್ಮ ಖಾತೆಗೆ ಬರುವಂತೆ ಮಾಡಿಕೊಳ್ಳುತ್ತಾರೆ. ಅಮೆರಿಕದ ಎಫ್‌ಬಿಐಗೆ ಬಂದ ದೂರುಗಳ ಪ್ರಕಾರ, 2023ನೇ ಒಂದೇ ವರ್ಷದಲ್ಲಿ ಇಂತಹ ವ್ಯಾಪಾರಿ ಇ-ಮೇಲ್ ವಂಚನೆಯಿಂದಾದ ನಷ್ಟ 290 ಕೋಟಿ ಡಾಲರುಗಳನ್ನು ಮೀರಿತ್ತು. ದೊಡ್ಡ ಕಂಪನಿ ಇಂತಹ ಪೆಟ್ಟನ್ನು ತಾಳಿಕೊಂಡೀತು. ಹತ್ತು ಕಾರ್ಮಿಕರ ಘಟಕಕ್ಕೆ ಒಂದು ಬೀಜಕದ ಹಣ ಹೋದರೆ ಆ ತಿಂಗಳ ಸಂಬಳವೇ ನಿಲ್ಲುತ್ತದೆ.

ಮತ್ತೊಂದು ಅಪಾಯ ಗಂಟು ಬಿಚ್ಚುವ ಪ್ರಯತ್ನದಲ್ಲಿಯೇ ಅಡಗಿದೆ. ವಿನ್‌ಮೇಲ್.ಡ್ಯಾಟ್ ತೆರೆದು ಕೊಡುವುದಾಗಿ ಹೇಳುವ ಉಚಿತ ತಾಣಗಳು ಅಂತರಜಾಲದಲ್ಲಿ ಹಲವಿವೆ. ಅಲ್ಲಿಗೆ ಕಡತವನ್ನು ಏರಿಸುವುದೆಂದರೆ ಗ್ರಾಹಕರ ಡ್ರಾಯಿಂಗನ್ನೂ ದರವನ್ನೂ ಅಪರಿಚಿತರ ಕೈಗೆ ಒಪ್ಪಿಸಿದಂತೆ. ಗೋಪ್ಯತೆಯ ಕರಾರಿಗೆ ಸಹಿ ಹಾಕಿರುವ ಘಟಕಗಳು ಈ ಬಗ್ಗೆ ವಿಶೇಷವಾಗಿ ಎಚ್ಚರ ವಹಿಸಬೇಕು. ಗಂಟಿನೊಳಗೆ ಏನಿದೆಯೆಂದು ಹೊರಗಿನಿಂದ ಹೇಳಲಾಗದು. ಆದ್ದರಿಂದ ‘ವಿನ್‌ಮೇಲ್ ತಾನೇ’ ಎಂಬ ಧೈರ್ಯವೂ ಸಲ್ಲದು.

ಕಾನೂನಿನ ದೃಷ್ಟಿ

ಪತ್ರ ತಲುಪುವುದು ಬೇರೆ, ಅದನ್ನು ಓದಲು ಸಾಧ್ಯವಾಗುವುದು ಬೇರೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣದ ಪ್ರಕಾರ, ಉಭಯರ ನಡುವೆ ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಪಡೆಯುವವರು ಇಂತಹ ವಿಳಾಸಕ್ಕೇ ಕಳುಹಿಸಿರೆಂದು ಗೊತ್ತುಪಡಿಸಿದ ಕಂಪ್ಯೂಟರ್ ವ್ಯವಸ್ಥೆಯನ್ನು ವಿದ್ಯುನ್ಮಾನ ದಾಖಲೆ ಪ್ರವೇಶಿಸಿದ ಕ್ಷಣವೇ ಅದು ತಲುಪಿದ ಕ್ಷಣ. ಗುಮಾಸ್ತರಿಗೆ ಅದನ್ನು ತೆರೆಯಲು ಬಂದಿತೇ ಎಂಬುದು ಅಲ್ಲಿನ ಲೆಕ್ಕವಲ್ಲ.

ಸಣ್ಣ ಉದ್ಯಮಗಳಿಗೆ ಇದರ ಬಿಸಿ ತಟ್ಟುವುದು ಬಾಕಿ ವಸೂಲಿಯಲ್ಲಿ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಮಾಲು ಸ್ವೀಕರಿಸಿದ ದಿನದಿಂದ ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಮಾಲಿನ ಬಗ್ಗೆ ಆಕ್ಷೇಪವಿದ್ದರೆ ಖರೀದಿದಾರರು ಅದನ್ನು 15 ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಮಾಲು ಬಂದ ದಿನವೇ ಸ್ವೀಕೃತವಾಯಿತೆಂದು ಭಾವಿಸಲಾಗುತ್ತದೆ. ಈಗ ಆ ಆಕ್ಷೇಪದ ಪತ್ರವೇ ಹತ್ತನೇ ದಿನ ವಿನ್‌ಮೇಲ್.ಡ್ಯಾಟ್ ಗಂಟಿನೊಳಗೆ ಬಂದಿದೆಯೆಂದು ಊಹಿಸಿಕೊಳ್ಳಬಹುದು. ಸರಬರಾಜುದಾರರು ಅದನ್ನು ತೆರೆಯಲಾರದೆ ಬಿಟ್ಟಿದ್ದಾರೆ. ಆಕ್ಷೇಪವೇ ಬಂದಿಲ್ಲವೆಂದು ನಂಬಿ 45 ದಿನ ಕಾದಿದ್ದಾರೆ. ಆಮೇಲೆ ಫೆಸಿಲಿಟೇಷನ್ ಕೌನ್ಸಿಲ್ ಮುಂದೆ ಹೋದಾಗ ಖರೀದಿದಾರರು, ‘ನಾವು ಅವಧಿಯೊಳಗೇ ತಿಳಿಸಿದ್ದೆವು’ ಎಂದು ವಾದಿಸುತ್ತಾರೆ. ಎರಡು ನಿಮಿಷದಲ್ಲಿ ಪರಿಹಾರವಾಗಬಹುದಾಗಿದ್ದ ದೋಷ ತಿಂಗಳುಗಟ್ಟಲೆಯ ತಕರಾರಾಗುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣವು ವಿದ್ಯುನ್ಮಾನ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪಿಸುವಾಗ ಪ್ರಮಾಣಪತ್ರ ಬೇಕೆನ್ನುತ್ತದೆ. ಆದಕಾರಣ ತೆರೆಯಲು ಬಾರದ ಪತ್ರವನ್ನೂ ಅಳಿಸದೆ, ಮೂಲರೂಪದಲ್ಲಿಯೇ ಕಾಪಾಡುವುದು ವಿವೇಕ.

ಪರಿಹಾರ ಕಷ್ಟದ್ದಲ್ಲ

ಪತ್ರ ಪಡೆದವರು ಮಾಡಬೇಕಾದ್ದು ಇಷ್ಟು. ಕಡತವನ್ನು ತೆರೆಯಲು ಹೆಣಗದೆ ಅದೇ ದಿನ ಉತ್ತರ ಬರೆಯಬೇಕು: ‘ತಮ್ಮ ಪತ್ರದ ಲಗತ್ತು ವಿನ್‌ಮೇಲ್.ಡ್ಯಾಟ್ ರೂಪದಲ್ಲಿ ಬಂದಿದ್ದು ಓದಲು ಸಾಧ್ಯವಾಗಿಲ್ಲ. ದಯವಿಟ್ಟು ಎಚ್‌ಟಿಎಂಎಲ್ ಅಥವಾ ಸಾದಾ ಪಠ್ಯದ ಪತ್ರದಲ್ಲಿ, ಕಡತವನ್ನು ಪಿಡಿಎಫ್ ರೂಪದಲ್ಲಿ ಮತ್ತೆ ಕಳುಹಿಸಬೇಕಾಗಿ ಕೋರಿಕೆ.’ ಈ ಎರಡು ಸಾಲಿನ ಉತ್ತರವೇ ಮುಂದೆ ತಕರಾರು ಬಂದಾಗ ರಕ್ಷಣೆಯಾಗುತ್ತದೆ. ಕಳುಹಿಸಿದವರು ಪರಿಚಿತರೇ ಎಂಬ ಸಂದೇಹವಿದ್ದರೆ, ಪತ್ರದಲ್ಲಿರುವ ಸಂಖ್ಯೆಗೆ ಅಲ್ಲ, ಮೊದಲೇ ತಮ್ಮಲ್ಲಿರುವ ಸಂಖ್ಯೆಗೆ ಫೋನ್ ಮಾಡಿ ಕೇಳಬೇಕು.

ಕಳುಹಿಸುವವರ ಕೆಲಸವೂ ಅಷ್ಟೇ ಸುಲಭ. ಕಂಪ್ಯೂಟರಿಗೆ ಅಳವಡಿಸಿಕೊಂಡ ಹಳೆಯ ಮಾದರಿಯ ಔಟ್‌ಲುಕ್‌ನಲ್ಲಿ ಫೈಲ್, ಅದರೊಳಗೆ ಆಪ್ಷನ್ಸ್, ಅದರೊಳಗೆ ಮೇಲ್ ಎಂಬಲ್ಲಿಗೆ ಹೋಗಿ ಪತ್ರ ಬರೆಯುವ ವಿಧಾನವನ್ನು ಎಚ್‌ಟಿಎಂಎಲ್‌ಗೆ ಬದಲಿಸಬೇಕು. ಅದೇ ಪುಟದ ಕೆಳಭಾಗದಲ್ಲಿ, ಹೊರಗಿನವರಿಗೆ ರಿಚ್ ಟೆಕ್ಸ್ಟ್ ಪತ್ರ ಹೋಗುವಾಗ ಏನು ಮಾಡಬೇಕೆಂಬ ಆಯ್ಕೆಯಿದೆ. ಅಲ್ಲಿಯೂ ಎಚ್‌ಟಿಎಂಎಲ್‌ಗೆ ಪರಿವರ್ತಿಸುವಂತೆ ಸೂಚಿಸಬೇಕು.

ಆದರೂ ದೋಷ ನಿಲ್ಲದಿದ್ದರೆ ಅದರ ಹರವನ್ನು ಗಮನಿಸಬೇಕು. ಒಬ್ಬ ಗ್ರಾಹಕರಿಗೆ ಮಾತ್ರ ಹೀಗಾಗುತ್ತಿದ್ದರೆ ದೋಷ ವಿಳಾಸ ಪುಸ್ತಕದಲ್ಲಿ ಆ ವಿಳಾಸಕ್ಕೆ ಹೊಂದಿಸಿರುವ ಆಯ್ಕೆಯಲ್ಲಿರುತ್ತದೆ. ಆ ನಮೂದನ್ನೂ, ವಿಳಾಸ ಟೈಪು ಮಾಡುವಾಗ ತಾನಾಗಿ ಮೂಡುವ ಹಳೆಯ ನೆನಪನ್ನೂ ಅಳಿಸಿ ಹೊಸದಾಗಿ ಬರೆಯಬೇಕು. ಒಬ್ಬ ನೌಕರರು ಕಳುಹಿಸಿದ್ದಕ್ಕೆಲ್ಲ ಹೀಗಾಗುತ್ತಿದ್ದರೆ ಅವರ ಕಂಪ್ಯೂಟರಿನ ತಂತ್ರಾಂಶವನ್ನು ನೋಡಬೇಕು. ಇಡೀ ಕಂಪನಿಯ ಪತ್ರಗಳೆಲ್ಲ ಹೀಗೆ ಹೋಗುತ್ತಿದ್ದರೆ ಎಕ್ಸ್‌ಚೇಂಜ್ ಸರ್ವರಿನಲ್ಲಿ ಹೊರಗಿನ ವಿಳಾಸಗಳಿಗೆ ಟಿಎನ್‌ಇಎಫ್ ಕಳುಹಿಸದಂತೆ ವ್ಯವಸ್ಥಾಪಕರು ನಿರ್ಬಂಧಿಸಬೇಕು. ಇದು ಒಂದೇ ಆದೇಶದಲ್ಲಿ ಮುಗಿಯುವ ಕೆಲಸ.

ಲಾಂಛನದ ಚಿತ್ರವನ್ನು ಸಹಿಯಿಂದ ತೆಗೆದು ಹೆಸರು, ಹುದ್ದೆ, ದೂರವಾಣಿ, ಜಿಎಸ್‌ಟಿ ಸಂಖ್ಯೆಗಳನ್ನು ಅಕ್ಷರಗಳಲ್ಲಿ ಬರೆದರೆ ‘ಇಮೇಜ್001’ರ ಕಾಟವೂ ತಪ್ಪುತ್ತದೆ. ಪತ್ರದ ಒಡಲಿನಲ್ಲಿ ಲಗತ್ತುಗಳ ಸಂಖ್ಯೆ ಮತ್ತು ಹೆಸರನ್ನು ನಮೂದಿಸುವುದು ಹಳೆಯ ಕಾಲದ ಕಾಗದದ ಪತ್ರಗಳಲ್ಲಿ ‘ಅಡಕ: 2’ ಎಂದು ಬರೆಯುತ್ತಿದ್ದ ಸಂಪ್ರದಾಯ. ಅದನ್ನು ಮತ್ತೆ ರೂಢಿಗೆ ತಂದರೆ, ಬಂದಿರುವ ಲಗತ್ತು ಕಳುಹಿಸಿದ್ದೇ ಅಲ್ಲವೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಹೊಣೆ ಯಾರದು?

ವಾಟ್ಸಾಪ್ ಇರುವಾಗ ಇ-ಮೇಲಿನ ಗೊಡವೆ ಏಕೆ ಎಂಬ ಮಾತು ಕೇಳಿಬರುತ್ತದೆ. ತುರ್ತಿಗೆ ವಾಟ್ಸಾಪ್ ಅನುಕೂಲವೆಂಬುದು ನಿಜ. ಆದರೆ ನೌಕರರು ಕೆಲಸ ಬಿಟ್ಟಾಗ ಅವರ ಮೊಬೈಲಿನ ಜೊತೆಗೆ ಡ್ರಾಯಿಂಗೂ ಮಾತುಕತೆಯೂ ಹೊರಟುಹೋಗುತ್ತವೆ. ಕಂಪನಿಯ ವಿಳಾಸಕ್ಕೆ ಬಂದ ಇ-ಮೇಲ್ ಕಂಪನಿಯಲ್ಲೇ ಉಳಿಯುತ್ತದೆ.

ದೊಡ್ಡ ಗ್ರಾಹಕರಿಗೆ ಹೀಗೆ ಬರೆಯಿರಿ ಎಂದು ಹೇಳುವ ಧೈರ್ಯ ಸಣ್ಣ ಸರಬರಾಜುದಾರರಿಗೆ ಎಲ್ಲಿಂದ ಬರಬೇಕು ಎಂಬ ಮಾತಿನಲ್ಲಿ ಹೆಚ್ಚು ಹುರುಳಿದೆ. ಆದೇಶಕ್ಕಾಗಿ ಕಾದು ನಿಂತವರು ಪತ್ರದ ವಿನ್ಯಾಸದ ಬಗ್ಗೆ ದೂರು ಹೇಳಲು ಹಿಂಜರಿಯುವುದು ಸಹಜ. ಇಲ್ಲಿಯೇ ಸಂಘಸಂಸ್ಥೆಗಳ ಹೊಣೆ ಆರಂಭವಾಗುವುದು. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಹುಟ್ಟಿ ಇಂದು ಎಫ್‌ಕೆಸಿಸಿಐ ಎಂದು ಪ್ರಸಿದ್ಧವಾಗಿರುವ ವಾಣಿಜ್ಯ ಮಂಡಳಿ, 1949ರಲ್ಲಿ ಸ್ಥಾಪನೆಗೊಂಡು ವಿಜಯನಗರದಲ್ಲಿ ಕಚೇರಿ ಹೊಂದಿರುವ ಕಾಸಿಯಾ ಮುಂತಾದ ಸಂಸ್ಥೆಗಳು ಒಬ್ಬೊಬ್ಬ ಸದಸ್ಯರು ಹೇಳಲಾರದ್ದನ್ನು ಎಲ್ಲರ ಪರವಾಗಿ ಹೇಳಬಲ್ಲವು. ಒಂದೇ ಪುಟದ ಪತ್ರವ್ಯವಹಾರ ನಿಯಮಾವಳಿಯನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಸಿದ್ಧಪಡಿಸಿ ಸದಸ್ಯರಿಗೂ ದೊಡ್ಡ ಖರೀದಿದಾರರಿಗೂ ಹಂಚಿದರೆ ಸಾಕು: ಪತ್ರ ಸಾದಾ ಪಠ್ಯ ಅಥವಾ ಎಚ್‌ಟಿಎಂಎಲ್‌ನಲ್ಲಿರಲಿ, ದಾಖಲೆ ಪಿಡಿಎಫ್‌ನಲ್ಲಿರಲಿ, ಲಗತ್ತುಗಳ ಪಟ್ಟಿ ಪತ್ರದಲ್ಲಿರಲಿ, ಬ್ಯಾಂಕ್ ಖಾತೆಯ ಬದಲಾವಣೆಯನ್ನು ಫೋನ್ ಮೂಲಕ ಖಚಿತಪಡಿಸಿಕೊಳ್ಳದೆ ಒಪ್ಪದಿರಲಿ. ಹಣ ಕಳೆದುಕೊಂಡವರು ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬ ಸೂಚನೆಯೂ ಅದೇ ಪುಟದಲ್ಲಿ ಇರಬೇಕು.

ಮಾಲಿನ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ತಿರಸ್ಕರಿಸುವ ಉದ್ಯಮ ನಮ್ಮ ನಾಡಿನದು. ಆ ಅಳತೆಯನ್ನು ಹೊತ್ತು ತರುವ ಪತ್ರದ ವಿಷಯದಲ್ಲಿ ಮಾತ್ರ ಏನು ಬಂದರೂ ನಡೆಯುತ್ತದೆ ಎಂಬ ಧೋರಣೆ ಸರಿಯಲ್ಲ. ವಿನ್ಯಾಸದ ದೋಷದಿಂದ ಬರುವ ಲಗತ್ತುಗಳನ್ನು ವ್ಯವಹಾರದಿಂದ ಒಮ್ಮೆ ತೊಲಗಿಸಿದರೆ, ಆ ಮೇಲೆ ಕೇಳದೆ ಬರುವ ಪ್ರತಿಯೊಂದು ಲಗತ್ತೂ ನಿಜವಾಗಿಯೇ ಸಂಶಯಾಸ್ಪದವಾಗುತ್ತದೆ. ಆಗ ಗುಮಾಸ್ತರ ಕೈ ಒತ್ತುವ ಮೊದಲು ತಡೆಯುತ್ತದೆ. ಆ ಒಂದು ಕ್ಷಣದ ತಡೆಯೇ ಸಣ್ಣ ಉದ್ಯಮಕ್ಕೆ ದೊರೆಯಬಹುದಾದ ಅತ್ಯಂತ ಅಗ್ಗದ ವಿಮೆ.